ಒಂಬತ್ತನೇ ಡಬ್ಬಿ

ಎರಡನೇ ಕಟ್ಟಡ, ನಾಲ್ಕನೇ ಮಹಡಿ,
ಅಡುಗೆಮನೆಯ ಕಿಟಕಿಯ ಬಳಿ.
ಹನ್ನೆರಡನೇ ತಾರೀಖು, ಮಂಗಳವಾರ ಬೆಳಿಗ್ಗೆ.

ನನ್ನ ಮುದ್ದು ಪುಟ್ಟಿಗೆ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಭಾನುವಾರ ಫೋನಿನಲ್ಲಿ ಮೂರು ಸಲ ಕೆಮ್ಮಿದೆ, ನಾನು ಎಣಿಸಿದ್ದೇನೆ. ಕೇಳಿದರೆ ‘ಏನಿಲ್ಲಪ್ಪ, ಧೂಳು’ ಎಂದೆ. ಏಳು ತಿಂಗಳಿಂದ ಆ ವಿಶ್ವವಿದ್ಯಾಲಯದ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತವಳಿಗೆ ಧೂಳು ಎಲ್ಲಿಂದ ಬಂತು ಎಂದು ಕೇಳುವಷ್ಟರಲ್ಲಿ ಯಾರೋ ಕರೆದರೆಂದು ಫೋನ್ ಇಟ್ಟುಬಿಟ್ಟೆ. ಬಿಸಿನೀರು ಕುಡಿ, ಹೊತ್ತಿಗೆ ಸರಿಯಾಗಿ ಉಣ್ಣು, ವರದಿ ಎಲ್ಲಿಗೂ ಓಡಿಹೋಗುವುದಿಲ್ಲ. ನನ್ನ ಸಮಾಚಾರ ಕೇಳಿದರೆ, ಮಂಡಿ ನೋವು ಇದ್ದ ಹಾಗೇ ಇದೆ. ಕಣ್ಣು ಸೂಜಿಗೆ ದಾರ ಪೋಣಿಸುವಷ್ಟು ಉಳಿದಿಲ್ಲ, ಪತ್ರ ಬರೆಯುವಷ್ಟು ಉಳಿದಿದೆ. ಮೆಟ್ಟಿಲ ಕೆಳಗಿನ ನನ್ನ ಹೊಲಿಗೆ ಅಂಗಡಿಗೆ ಈಗಲೂ ದಿನಾ ಇಳಿದು ಹೋಗುತ್ತೇನೆ. ಹೊಸ ಬಟ್ಟೆ ಹೊಲಿಸುವವರು ಯಾರೂ ಇಲ್ಲ. ಪ್ಯಾಂಟಿನ ಕಾಲು ಮಡಿಸುವುದು, ಜಿಪ್ಪು ಬದಲಾಯಿಸುವುದು, ದಪ್ಪಗಾದವರ ಸೊಂಟ ಬಿಡಿಸುವುದು, ಇಷ್ಟೇ ಕೆಲಸ. ನಲವತ್ತು ವರ್ಷ ಈ ಬೀದಿಯ ಎಲ್ಲರ ಸುತ್ತಳತೆ ತಿಳಿದಿಟ್ಟುಕೊಂಡವನು ನಾನು, ಯಾರ ಗುಟ್ಟನ್ನೂ ಬಿಟ್ಟುಕೊಟ್ಟಿಲ್ಲ.

ನಿನ್ನ ಪತ್ರ ಬಂದು ವಾರ ಕಳೆಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಯಾರದೋ ಅಂಗಿಯ ಗುಂಡಿ ನೆನಪಾಗಿ ಎದ್ದು ಹೋಗಿದ್ದೇನೆ. ನೀನು ಕೇಳಿದ್ದು ಎರಡೇ ವಿಷಯ. ಒಂದು, ನಿಮ್ಮ ಸಂಶೋಧನೆಯ ಎರಡನೇ ಬೇಸಿಗೆಯಲ್ಲಿ ನಮ್ಮ ಕಟ್ಟಡದ ಶಾಖ ಅಳೆಯುವ ಹನ್ನೊಂದು ಡಬ್ಬಿಗಳು ಮಧ್ಯಾಹ್ನದ ಹೊತ್ತು ಮೂವತ್ತೆಂಟು ಡಿಗ್ರಿಯ ಆಸುಪಾಸಿನಲ್ಲಿದ್ದರೆ ಒಂಬತ್ತನೇ ಡಬ್ಬಿ ಮಾತ್ರ ದಿನಾ ನಾಲ್ಕೈದು ಡಿಗ್ರಿ ಮೇಲೆ ಕೂತಿದೆ, ಒಂದು ದಿನವಂತೂ ನಲವತ್ನಾಲ್ಕು ದಾಟಿದೆ, ಮೂರನೇ ಬೇಸಿಗೆಗೆ ತಾನಾಗಿಯೇ ಸರಿಹೋಗಿದೆ. ಡಬ್ಬಿ ಕೆಟ್ಟಿತ್ತೇ, ಯಾರಾದರೂ ಒಲೆಯ ಪಕ್ಕ ಇಟ್ಟಿದ್ದರೇ? ‘ಕೆಟ್ಟಿತ್ತು’ ಎಂದು ನಾನು ಒಂದು ಸಾಲು ಬರೆದುಕೊಟ್ಟರೆ ಅದರ ಅಂಕಿಗಳನ್ನು ತೆಗೆದುಹಾಕಬಹುದು ಎಂದು ನಿಮ್ಮ ಅಂಕಿಸಂಖ್ಯೆಯ ಸರಾಸರಿ ಮೇಷ್ಟ್ರು ಹೇಳಿದ್ದಾರೆ. ಎರಡು, ಸಂಶೋಧನೆ ಇನ್ನೂ ಮೂರು ವರ್ಷ ನಡೆಯುತ್ತದೆ, ನಮ್ಮ ಕಟ್ಟಡ ಅಲ್ಲಿಯತನಕ ಈಗಿರುವ ಹಾಗೆಯೇ ಇರಬೇಕು, ಹನ್ನೆರಡು ಮನೆಯವರ ಸಹಿ ಹಾಕಿಸಿ ಕಳಿಸಬೇಕು. ಎರಡಕ್ಕೂ ಉತ್ತರ ಕೊಡುತ್ತೇನೆ. ಆದರೆ ನನ್ನ ಸ್ವಭಾವ ನಿನಗೆ ಗೊತ್ತು, ಸುತ್ತಿ ಬಳಸದೆ ಮಾತು ಹೊರಡುವುದಿಲ್ಲ. ಫೋನಿನಲ್ಲಾದರೆ ನೀನು ‘ಅಪ್ಪಾ, ವಿಷಯಕ್ಕೆ ಬಾ’ ಎನ್ನುತ್ತೀಯ. ಕಾಗದ ಹಾಗೆನ್ನುವುದಿಲ್ಲ, ಅದಕ್ಕೇ ಕಾಗದ.

ನಾಲ್ಕು ವರ್ಷದ ಹಿಂದೆ ನೀವೆಲ್ಲ ಮೊದಲ ಸಲ ಬಂದ ದಿನ ನೆನಪಿದೆಯೇ? ಐದು ವಿಭಾಗದವರು ಒಟ್ಟಿಗೆ ಬಂದು ಕೆಳಗಿನ ಸಭೆಯ ಕೋಣೆಯಲ್ಲಿ ಕೂತಿರಿ. ಕಟ್ಟಡದ ಎಂಜಿನಿಯರ್ ಎಂದು ನೀನು, ಗಿಡದ ಮೇಷ್ಟ್ರು, ಸಮಾಜಶಾಸ್ತ್ರದ ಮೇಡಂ, ಒಬ್ಬ ಡಾಕ್ಟರು, ಅಂಕಿಸಂಖ್ಯೆಯ ಮೇಷ್ಟ್ರು. ಗಿಡದವರಿಗೆ ಗೋಡೆಗೆ ನೀರು ಬೇಕು, ನಿನಗೆ ಗೋಡೆಗೆ ನೀರು ತಾಕಬಾರದು; ಇಬ್ಬರೂ ಜನರ ಮುಂದೆಯೇ ಜಗಳಕ್ಕೆ ನಿಂತಿರಿ. ಅಂಕಿಸಂಖ್ಯೆಯವರು ಮಾತ್ರ ಎಲ್ಲದಕ್ಕೂ ‘ಸರಾಸರಿ ತೆಗೆದರಾಯ್ತು’ ಎನ್ನುತ್ತಿದ್ದರು, ಅವರಿಗೆ ಸರಾಸರಿ ಮೇಷ್ಟ್ರು ಎಂದು ಹೆಸರಿಟ್ಟವಳು ನಿನ್ನ ಅಮ್ಮನೇ. ಸಮಾಜಶಾಸ್ತ್ರದ ಮೇಡಂ ಅವಳನ್ನು, ನೀವು ಸೆಖೆಯನ್ನು ಹೇಗೆ ಅನುಭವಿಸುತ್ತೀರಿ ಎಂದು ಕೇಳಿದ್ದಕ್ಕೆ ‘ಬೆವರ್ತೀನಿ’ ಎಂದಳು. ಮೇಡಂ ಅದನ್ನೂ ಬರೆದುಕೊಂಡರು. ಆಮೇಲೆ ತಿಂಗಳುಗಟ್ಟಲೆ ಒಬ್ಬರು ಗೋಡೆ ಅಳೆದರು, ಒಬ್ಬರು ಎಲೆ ಅಳೆದರು, ಒಬ್ಬರು ನಮ್ಮ ರಕ್ತದೊತ್ತಡ ಅಳೆದರು, ಒಬ್ಬರು ನಮ್ಮ ನಿದ್ದೆ ಅಳೆದರು. ಇಷ್ಟು ಜನ ಅಳತೆ ತೆಗೆದು ಒಂದು ಅಂಗಿಯನ್ನೂ ಹೊಲಿಯದ ಅಂಗಡಿಯನ್ನು ನಾನು ನೋಡಿಯೇ ಇರಲಿಲ್ಲ. ಹಾಗೆಂದು ಅಮ್ಮನ ಎದುರು ಹೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಮಗಳ ಕೆಲಸದ ಬಗ್ಗೆ ಯಾರೂ ಸೊಲ್ಲೆತ್ತುವ ಹಾಗಿರಲಿಲ್ಲ.

ಎದುರುಬದುರಾಗಿ ನಿಂತ ಒಂದೇ ಅಚ್ಚಿನ ಎರಡು ಕಟ್ಟಡಗಳು, ಒಂದಕ್ಕೆ ಎಲ್ಲ ಸೌಕರ್ಯ ಮಾಡುವುದು, ಇನ್ನೊಂದನ್ನು ಹಾಗೇ ಬಿಟ್ಟು ಹೋಲಿಸಿ ನೋಡುವುದು, ಮೂರು ವರ್ಷವಾದ ಮೇಲೆ ಬಿಟ್ಟದ್ದಕ್ಕೂ ಅಷ್ಟನ್ನೂ ಮಾಡಿಕೊಡುವುದು ಎಂದು ನೀವು ಹೇಳಿದಿರಿ. ಯಾವುದಕ್ಕೆ ಯಾವುದು ಎಂದು ಚೀಟಿ ಎತ್ತಿಸಿದಿರಿ. ನನ್ನ ಗುಂಡಿಗಳ ಡಬ್ಬವನ್ನೇ ಬರಿದು ಮಾಡಿ ಅದರಲ್ಲಿ ಎರಡು ಚೀಟಿ ಹಾಕಿದೆ ನೀನು. ನಮ್ಮ ಕಟ್ಟಡದ ಪರವಾಗಿ ಕೈ ಹಾಕಿದವಳು ಅಮ್ಮ. ‘ಹೋಲಿಕೆ’ ಎಂದು ಬಂತು. ನಿನ್ನ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ, ಅವಳು ನೋಡಲಿಲ್ಲ, ಚೀಟಿ ಎತ್ತಿದ ಖುಷಿಯಲ್ಲಿ ನಗುತ್ತಿದ್ದಳು. ಎದುರಿನ ಕಟ್ಟಡದ ತಾರಸಿಗೆ ಬಿಳಿ ಬಣ್ಣ ಬಂತು, ಕಿಟಕಿಗಳಿಗೆ ಮರದ ಪಟ್ಟಿಯ ಮರೆ ಬಂತು, ಗೋಡೆಗೆ ಬಳ್ಳಿ ಹಬ್ಬಿತು. ನಮ್ಮ ಮೇಲ್ಮಹಡಿಯ ಹನ್ನೆರಡು ಮನೆಗಳಿಗೆ ಶಾಖ ಅಳೆಯುವ ಹನ್ನೆರಡು ಡಬ್ಬಿಗಳು ಬಂದವು. ನಿನ್ನ ಸ್ವಂತ ಮನೆಯೂ ಲೆಕ್ಕದಲ್ಲಿದೆ, ನೀನು ಪಕ್ಷಪಾತ ಮಾಡಬಾರದೆಂದು ಸರಾಸರಿ ಮೇಷ್ಟ್ರು ಯಾವ ಮನೆಗೆ ಯಾವ ಸಂಖ್ಯೆ ಎಂಬುದನ್ನು ನಿನಗೆ ತಿಳಿಸದೆ ಬಚ್ಚಿಟ್ಟರು. ಗೊತ್ತಿದ್ದದ್ದು ಅವರಿಗೆ, ಮತ್ತೆ ತಿಂಗಳಿಗೊಮ್ಮೆ ಬ್ಯಾಟರಿ ಹಾಕಿ ದಿನಾ ನಾಲ್ಕು ಗಂಟೆಗೆ ಹನ್ನೆರಡು ಡಬ್ಬಿಗಳ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದ ನನಗೆ.

ಆ ದಿನ ನೀನು ನಿಯಮದ ಕಾಗದ ಓದಿ ಹೇಳಿದೆ: ಇದ್ದದ್ದು ಇದ್ದ ಹಾಗೇ ಇರಲಿ, ಹೊಸದಾಗಿ ಏನನ್ನೂ ಮಾಡಬೇಡಿ, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ. ಉಳಿದವರಿಗೆ ಅದು ವಿಶ್ವವಿದ್ಯಾಲಯದವರ ಮಾತು. ನಿನ್ನ ಅಮ್ಮನಿಗೆ ಅದು ಮಗಳ ಪರೀಕ್ಷೆ. ನಾಲ್ಕನೇ ತರಗತಿಯಲ್ಲಿ ಪಕ್ಕದ ಹುಡುಗಿಯ ಪುಸ್ತಕ ನೋಡಿ ಮೂರು ಲೆಕ್ಕ ಇಳಿಸಿಕೊಂಡು ಬಂದಿದ್ದೆಯಲ್ಲ, ನಿನ್ನ ಕಿವಿ ಹಿಡಿದು ಟೀಚರ ಮನೆಗೆ ಕರೆದುಕೊಂಡು ಹೋಗಿ ಒಪ್ಪಿಸಿದ್ದಳಲ್ಲ, ಅದೇ ಹೆಂಗಸು. ಕಿಟಕಿಯಲ್ಲಿ ಒಂದು ಕುಂಡ ಇಡೋಣವೆಂದರೆ ಬೇಡ ಎಂದಳು. ಸೋಫಾವನ್ನು ಆ ಕಡೆ ಸರಿಸೋಣವೆಂದರೆ, ಡಬ್ಬಿಗೆ ಗಾಳಿ ಹೆಚ್ಚು ತಾಕುತ್ತದೆ, ಬೇಡ ಎಂದಳು. ಎರಡನೇ ಬೇಸಿಗೆ ಬಂತು. ಅಂಥ ಬೇಸಿಗೆಯನ್ನು ನಾವು ಕಂಡಿರಲಿಲ್ಲ. ಎಡಗಡೆ ಮನೆಯ ನರ್ಸಮ್ಮ ಕಿಟಕಿಗೆ ಒದ್ದೆ ಹೊದಿಕೆ ನೇತುಹಾಕುವುದನ್ನು ಎಲ್ಲರಿಗೂ ಹೇಳಿಕೊಟ್ಟಳು. ನಮ್ಮ ಮನೆಗೂ ಬಂದಳು. ಅಮ್ಮ ಅವಳನ್ನು ಕೂರಿಸಿ ಕುಡಿಯಲು ಕೊಟ್ಟು ಉಪಚಾರ ಮಾಡಿ, ಹೊದಿಕೆಯನ್ನು ಮಾತ್ರ ಮಡಿಸಿ ವಾಪಸು ಕೊಟ್ಟಳು. ನಾನು ರೇಗಿದ್ದಕ್ಕೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಅವಳು ಪರೀಕ್ಷೆ ಬರೀತಿದಾಳೆ ಕಣ್ರೀ. ನಾವು ಕಾಪಿ ಹೊಡೀಬಾರ್ದು.’

ಪುಟ್ಟಿ, ಇಲ್ಲಿ ಒಂದು ನಿಜ ಹೇಳಬೇಕು, ಇದನ್ನು ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಇಟ್ಟುಕೊಂಡಿದ್ದೇನೆ. ಉಳಿದ ಹನ್ನೊಂದೂ ಮನೆಯವರು ಒದ್ದೆ ಹೊದಿಕೆ ಹಾಕಿದರು. ಬಲಗಡೆಯ ಬಸ್ ಡ್ರೈವರ್ ತನ್ನ ತಲೆಯ ಮೇಲಿನ ತಾರಸಿಗೆ ಒದ್ದೆ ಗೋಣಿಚೀಲ ಹಾಸಿದ. ನಿಮ್ಮವರು ನೋಡಲು ಬರುವ ದಿನ ಎಲ್ಲವನ್ನೂ ತೆಗೆದು ಮಂಚದ ಕೆಳಗೆ ತಳ್ಳುತ್ತಿದ್ದರು. ನಾನು ದಿನಾ ಪುಸ್ತಕ ಹಿಡಿದುಕೊಂಡು ಮನೆಮನೆಗೆ ಹೋಗಿ, ಹೊದಿಕೆಯ ನೀರು ತೊಟ್ಟಿಕ್ಕುವುದನ್ನು ನೋಡಿಯೂ ನೋಡದವನ ಹಾಗೆ ಅಂಕಿ ಬರೆದುಕೊಂಡು ಬರುತ್ತಿದ್ದೆ. ಅವರನ್ನು ಬೈಯುವ ಮನಸ್ಸು ಬರಲಿಲ್ಲ. ಡ್ರೈವರನ ಮನೆಯಲ್ಲಿ ಎಂಟು ತಿಂಗಳ ಕೂಸಿತ್ತು. ನಾನು ಟೇಪು ಹಿಡಿದರೆ ಸಾಕು, ಎಲ್ಲರೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ; ಅದು ಮೋಸವಲ್ಲ, ಮನುಷ್ಯರು ಇರುವುದೇ ಹಾಗೆ. ಒಳ್ಳೆಯ ದರ್ಜಿ ಅಳತೆಯ ಮೇಲೆ ಎರಡು ಬೆರಳು ಬಿಟ್ಟು ಕತ್ತರಿಸುತ್ತಾನೆ. ನಾನು ನಿನಗೆ ಆ ಎರಡು ಬೆರಳಿನ ವಿಷಯ ಹೇಳಬೇಕಿತ್ತು. ಹೇಳಲಿಲ್ಲ. ನಿನ್ನ ಕೆಲಸ ಕೆಟ್ಟೀತೆಂದು ಹೇಳಲಿಲ್ಲ, ಈಗ ನೋಡಿದರೆ ಹೇಳದೆಯೇ ಕೆಡಿಸಿದ್ದೇನೆ.

ಹೇಗೆಂದರೆ, ನೀವು ಕೊಟ್ಟ ಮೊದಲ ವರದಿಯನ್ನು ನಗರದ ಆಫೀಸಿನವರು ಓದಿ ಏನು ಹೇಳಿದರೆಂದು ಸಮಾಜಶಾಸ್ತ್ರದ ಮೇಡಂ ಬಂದಾಗ ತಿಳಿಸಿದರು. ಎದುರಿನ ಕಟ್ಟಡ ಮೂವತ್ತಾರು, ನಮ್ಮದು ಮೂವತ್ತೆಂಟು, ಎರಡು ಡಿಗ್ರಿಗೆ ಇಷ್ಟೊಂದು ಗದ್ದಲವೇ ಎಂದರಂತೆ. ಊರಿನ ಬೇರೆ ತಾರಸಿಗಳಿಗೆ ಬಿಳಿ ಬಳಿಯುವ ಯೋಚನೆಯನ್ನು ಕಪಾಟಿನಲ್ಲಿಟ್ಟರಂತೆ. ಎರಡು ಡಿಗ್ರಿಯಲ್ಲ ಪುಟ್ಟಿ. ಹೊದಿಕೆಯಿಲ್ಲದ ನಮ್ಮ ಕಟ್ಟಡ ಎಷ್ಟಿತ್ತೆಂದು ನಿನ್ನ ಹನ್ನೆರಡು ಡಬ್ಬಿಗಳಲ್ಲಿ ಒಂದೇ ಒಂದಕ್ಕೆ ಗೊತ್ತು, ಅದನ್ನೇ ನೀವು ಕೆಟ್ಟಿದೆ ಎನ್ನುತ್ತಿದ್ದೀರಿ. ಈಗ ನಾನು ಇಷ್ಟನ್ನು ಬರೆದ ಮೇಲೆ ನೀನು ಸರಾಸರಿ ಮೇಷ್ಟ್ರ ಮುಂದೆ ಹೋಗಿ ನಿಂತರೂ ಅವರು ಒಂದು ಡಬ್ಬಿಯ ಮಾತು ಮಾತಲ್ಲ ಎನ್ನುತ್ತಾರೆ, ಅದೂ ಗೊತ್ತು. ಹನ್ನೊಂದು ಕೆಟ್ಟವು ಎಂದರೆ ಮೂರು ವರ್ಷದ ದುಡಿಮೆ ಮಣ್ಣುಪಾಲು, ಮುಂದಿನ ಹಂತವೂ ಇಲ್ಲ, ನಮ್ಮ ತಾರಸಿಗೆ ಬಣ್ಣವೂ ಇಲ್ಲ. ಒಂದು ಕೆಟ್ಟದ್ದು ಎಂದರೆ ವರದಿ ಚೊಕ್ಕವಾಗಿರುತ್ತದೆ, ತಾರಸಿ ಇನ್ನೂ ಮೂರು ವರ್ಷ ಹೀಗೇ ಕಾಯುತ್ತದೆ. ಯಾವ ಕಡೆಯಿಂದ ಕತ್ತರಿಸಿದರೂ ಬಟ್ಟೆ ಸಾಲುವುದಿಲ್ಲ.

ಸಹಿಯ ವಿಷಯ. ಹೋದ ಶನಿವಾರ ಎಲ್ಲರನ್ನೂ ಸಭೆಯ ಕೋಣೆಗೆ ಕರೆದೆ. ಕೂಗಾಡುತ್ತಾರೆ, ನನ್ನ ಗ್ರಹಚಾರ ಬಿಡಿಸುತ್ತಾರೆ ಎಂದುಕೊಂಡು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಒಬ್ಬರೂ ಕೂಗಲಿಲ್ಲ. ಡ್ರೈವರ್ ಕಾಗದವನ್ನು ತಿರುಗಿಸಿ ನೋಡಿ, ಆಗಲಿ ಬಿಡಿ ಎಂದ. ಸಹಿ ಹಾಕದಿದ್ದರೆ ನಿಮ್ಮವರು ಬರುವುದನ್ನೂ ನಿಲ್ಲಿಸುತ್ತಾರೆ, ತಿಂಗಳಿಗೊಮ್ಮೆಯಾದರೂ ಯಾರೋ ಬಂದು ಹೇಗಿದ್ದೀರಿ ಎಂದು ಕೇಳಿ ಬರೆದುಕೊಂಡು ಹೋಗುತ್ತಾರಲ್ಲ, ಅದೂ ಇಲ್ಲವಾಗುತ್ತದೆ ಎಂದು ನರ್ಸಮ್ಮ ಹೇಳಿದಳು. ಹತ್ತು ನಿಮಿಷದಲ್ಲಿ ಹನ್ನೊಂದು ಸಹಿಗಳಾದವು. ಜಗಳ ಮಾಡಿದ್ದರೆ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲ. ಹನ್ನೆರಡನೆಯ ಜಾಗ ನನ್ನದು, ಖಾಲಿ ಇದೆ. ಕಾಗದವನ್ನು ಇದರ ಜೊತೆಗೇ ಇಟ್ಟಿದ್ದೇನೆ. ಇದನ್ನೆಲ್ಲ ಓದಿದ ಮೇಲೂ ನೀನು ಹಾಕು ಎಂದರೆ ಬಂದು ಹಾಕುತ್ತೇನೆ.

ಇನ್ನೊಂದು. ಹಳೆಯ ಸಹಿಯ ಕಾಗದ ಎಲ್ಲಿದೆಯೆಂದು ಹುಡುಕುವಾಗ ನಿಯಮದ ಕಾಗದವೂ ಸಿಕ್ಕಿತು, ನನ್ನ ಅಳತೆ ಪುಸ್ತಕದೊಳಗೇ ಇತ್ತು. ಅದಕ್ಕೆ ಎರಡನೇ ಪುಟವಿದೆ. ಆ ದಿನ ಜನ ಆಕಳಿಸಲು ಶುರು ಮಾಡಿದ್ದರು, ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ನೀನು ನಿಲ್ಲಿಸಿದ್ದೆ. ಯಾರೂ ಓದಲಿಲ್ಲ. ಅಲ್ಲಿ ಮೂರನೇ ಸಾಲಿನಲ್ಲಿ ಬರೆದಿದೆ: ಸೆಖೆ ತಡೆಯಲಾಗದಿದ್ದರೆ ಮನೆಯವರು ತಮಗೆ ಬೇಕಾದ ಏರ್ಪಾಟು ಮಾಡಿಕೊಳ್ಳಬಹುದು, ಮಾಡಿದ ದಿನ ಪುಸ್ತಕದಲ್ಲಿ ಗುರುತು ಹಾಕಿದರೆ ಸಾಕು. ಒಂದು ಗುರುತು ಪುಟ್ಟಿ. ಹನ್ನೊಂದು ಮನೆಯವರು ಕದ್ದು ಮಾಡಬೇಕಾಗಿರಲಿಲ್ಲ, ನಿನ್ನ ಅಮ್ಮ ಹಲ್ಲು ಕಚ್ಚಿ ಕೂರಬೇಕಾಗಿರಲಿಲ್ಲ, ನನ್ನ ಪೆನ್ನಿನಿಂದ ಒಂದು ಗೀಟು ಎಳೆದಿದ್ದರೆ ಮುಗಿದಿತ್ತು. ಆ ಪುಟದ ಕೆಳಗೆ ‘ಓದಿ ತಿಳಿದಿದ್ದೇನೆ’ ಎಂಬಲ್ಲಿ ಇರುವ ಸಹಿ ನನ್ನದು. ನೀನು ಓದಿ ಹೇಳಲಿಲ್ಲ ಎಂದು ನಿನ್ನನ್ನು ನೀನು ಹಳಿದುಕೊಳ್ಳಬೇಡ. ಮನೆಗೆ ಬಂದ ಕಾಗದ, ಓದಬೇಕಾದವನು ನಾನು. ಗಿರಾಕಿಯ ಚೀಟಿಯನ್ನು ಎರಡು ಸಲ ಓದದೆ ಕತ್ತರಿ ಹಿಡಿದವನಲ್ಲ, ಮಗಳು ಕೊಟ್ಟ ಕಾಗದವೆಂದು ಕಣ್ಣುಮುಚ್ಚಿ ಸಹಿ ಹಾಕಿದೆ.

ಆ ಎರಡನೇ ಬೇಸಿಗೆಯ ಮಧ್ಯಾಹ್ನದ ಬಗ್ಗೆ ನಿನಗೆ ಫೋನಿನಲ್ಲಿ ಹೇಳಿದ್ದು ಅಮ್ಮನ ಎದೆ ನಿಂತಿತು ಎಂದು ಮಾತ್ರ. ಡಾಕ್ಟರು ಬರೆದುಕೊಟ್ಟದ್ದೂ ಅದನ್ನೇ, ಸುಳ್ಳಲ್ಲ. ನೀನು ಬೇರೆ ಊರಿನಲ್ಲಿ ಅಳತೆಯ ಕೆಲಸದಲ್ಲಿದ್ದೆ, ಬಸ್ಸು ಹಿಡಿದು ಬರುವಷ್ಟರಲ್ಲಿ ಮುಗಿದಿತ್ತು. ಹೇಳದೆ ಬಿಟ್ಟದ್ದೇನೆಂದರೆ, ಅಂದು ಹನ್ನೆರಡೂವರೆಗೆ ಕರೆಂಟು ಹೋಗಿತ್ತು, ಫ್ಯಾನ್ ಇರಲಿಲ್ಲ. ಊಟವಾದ ಮೇಲೆ, ಕೆಳಗೆ ಬಾ, ಅಂಗಡಿಯಲ್ಲಿ ತಂಪಾಗಿದೆ ಎಂದು ಕರೆದೆ. ಮೆಟ್ಟಿಲು ಹತ್ತಿಳಿಯಲು ಆಗುವುದಿಲ್ಲ, ಸ್ವಲ್ಪ ಅಡ್ಡಾಗುತ್ತೇನೆ ಎಂದಳು. ನಾನೊಬ್ಬನೇ ಹೋದೆ. ಮೆಟ್ಟಿಲ ಕೆಳಗಿನ ಆ ಗೂಡು ಎಷ್ಟು ತಂಪು ಎಂದು ನಿನಗೆ ಗೊತ್ತು, ಚಿಕ್ಕವಳಿದ್ದಾಗ ಬಟ್ಟೆಯ ತುಂಡುಗಳ ಮೇಲೆ ಮಲಗುತ್ತಿದ್ದೆ. ನಾನೂ ಅಂದು ಸ್ವಲ್ಪ ಕಣ್ಣು ಮುಚ್ಚಿದೆ. ಅದನ್ನು ನೆನೆಸಿಕೊಂಡರೆ ಈಗ ಆ ಕುರ್ಚಿಯಲ್ಲಿ ಒರಗಲು ಆಗುವುದಿಲ್ಲ, ನೆಟ್ಟಗೆ ಕೂತು ಹೊಲಿಯುತ್ತೇನೆ. ಮರುವರ್ಷದ ಬೇಸಿಗೆಯಲ್ಲಿ ನರ್ಸಮ್ಮ ಕೇಳದೆಯೇ ಒಳಗೆ ಬಂದು ನಮ್ಮ ಕಿಟಕಿಗೆ ಹೊದಿಕೆ ನೇತುಹಾಕಿದಳು. ನಾನು ಬೇಡ ಎನ್ನಲಿಲ್ಲ. ಬೇಡ ಎನ್ನುವವಳು ಇರಲಿಲ್ಲ.

ನಿನ್ನ ಮೇಲೆ ನನಗೆ ಕೋಪವಿಲ್ಲ, ಇದನ್ನು ನಂಬು. ಊರುಗಳು ಬೇಯದ ಹಾಗೆ ಮಾಡಬೇಕು ಎಂದು ಹೊರಟವಳು ನೀನು, ಅದರಲ್ಲಿ ತಪ್ಪೇನಿದೆ? ಆದರೆ ಭರವಸೆ ಇದೆಯೇ ಎಂದು ಕೇಳಿದರೆ ಇಲ್ಲ ಎಂದೇ ಹೇಳುತ್ತೇನೆ, ನಿನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಎದುರಿನ ಕಟ್ಟಡದ ಬಳ್ಳಿಗೆ ಈಗ ನೀರು ಹಾಕುವವರಿಲ್ಲ, ಅರ್ಧ ಒಣಗಿದೆ. ಬಿಳಿ ಬಣ್ಣ ಮಳೆಗೆ ಕಂದಿ ಬೂದು ಬಣ್ಣಕ್ಕೆ ತಿರುಗಿದೆ. ಇನ್ನೆರಡು ಬೇಸಿಗೆ ಕಳೆದರೆ ಅವರೂ ನಾವೂ ಒಂದೇ, ಹೋಲಿಸಲು ಏನೂ ಉಳಿಯುವುದಿಲ್ಲ.

ಆರೋಗ್ಯ ನೋಡಿಕೋ. ಕೆಮ್ಮಿಗೆ ಔಷಧಿ ತೆಗೆದುಕೋ, ‘ಏನಿಲ್ಲಪ್ಪ’ ಎನ್ನಬೇಡ. ನರ್ಸಮ್ಮ ಕೇಳಿದಳೆಂದು ಹೇಳಲು ಹೇಳಿದ್ದಾಳೆ, ಡ್ರೈವರನ ಕೂಸು ಈಗ ಮೆಟ್ಟಿಲು ಹತ್ತುತ್ತದೆ. ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ, ನೀನಿರುವ ಮನೆ ತಣ್ಣಗಿರಲಿ.

ನಿನ್ನ ಅಪ್ಪ,
ಮೆಟ್ಟಿಲ ಕೆಳಗಿನ ದರ್ಜಿ

ಲಕೋಟೆ ಅಂಟಿಸುವ ಮುಂಚೆ: ಇಷ್ಟು ಬರೆದೂ ನೀನು ಕೇಳಿದ್ದಕ್ಕೆ ಒಂದು ಸಾಲಿನಲ್ಲಿ ಉತ್ತರ ಕೊಟ್ಟಿಲ್ಲ. ನಿನ್ನ ಪತ್ರದಲ್ಲಿ ನಲವತ್ನಾಲ್ಕು ದಾಟಿದ್ದು ‘ಒಂದು ದಿನ’ ಎಂದು ಬರೆದಿದ್ದೀಯ, ತಾರೀಖು ಹಾಕಿಲ್ಲ. ತಾರೀಖು ಬಿಡುವವಳಲ್ಲ ನೀನು, ಆದ್ದರಿಂದ ನಿನಗೂ ಗೊತ್ತಿದೆ ಎಂದುಕೊಂಡಿದ್ದೇನೆ. ಒಂಬತ್ತನೇ ಡಬ್ಬಿ ನಮ್ಮ ಮನೆಯದು. ಅದು ಕೆಟ್ಟಿರಲಿಲ್ಲ. ಆ ದಿನ ನಾಲ್ಕು ಗಂಟೆಗೆ ನಾನು ಪುಸ್ತಕ ಹಿಡಿದು ಮೇಲೆ ಬಂದಾಗ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು, ನಿದ್ದೆ ಹತ್ತಿದೆ, ಎಬ್ಬಿಸುವುದು ಬೇಡ ಎಂದುಕೊಂಡೆ. ಮೊದಲು ಡಬ್ಬಿ ನೋಡಿದೆ, ಅಂಕಿ ಬರೆದೆ, ಪೆನ್ನಿನ ಮುಚ್ಚಳ ಹಾಕಿದೆ, ಆಮೇಲೆ ಅವಳನ್ನು ಕರೆದೆ. ಆ ಅಂಕಿಯನ್ನು ತೆಗೆಯಬೇಡ. ನಲವತ್ನಾಲ್ಕು ಪಾಯಿಂಟ್ ಎರಡು. ಸರಿಯಾಗಿದೆ ಪುಟ್ಟಿ, ಎರಡು ಸಲ ನೋಡಿ ಬರೆದಿದ್ದೇನೆ.